ಬಾಗಿಲ ಹಿಂಜಸ್, ಒಂದು ಬೋಲ್ಟು, ಒಮೆಗಾ ಸೆಂಟಾರಿ

ಆಕಾಶದ ಫೋಟೊ ತೆಗೆಯೋದನ್ನು ಕಲಿಸುವ ಪಾಠಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವರು ಬರೆದದ್ದು. ನಾನೂ ಅವನ್ನೇ ಓದಿ ಕಲಿತವನು. ಆದರೆ ಅವರ ತಲೆ ಮೇಲಿನ ಆಕಾಶ ಬೇರೆ, ನಮ್ಮದು ಬೇರೆ. ಲಂಡನ್ನಿನಲ್ಲಿ ಧ್ರುವ ನಕ್ಷತ್ರ 51 ಡಿಗ್ರಿ ಎತ್ತರದಲ್ಲಿ ಆರಾಮಾಗಿ ಕಾಣುತ್ತದೆ. ಕೊಳ್ಳೇಗಾಲದಲ್ಲಿ 12 ಡಿಗ್ರಿ. ಉತ್ತರಕ್ಕೆ ಒಂದು ತೆಂಗಿನ ಸಾಲು ಇದ್ದರೆ ಮುಗೀತು, ಕಾಣೋದೇ ಇಲ್ಲ.

ಹಾಗಂತ ಬೇಜಾರಾಗಬೇಕಿಲ್ಲ. ಉತ್ತರದಲ್ಲಿ ಕಳೆದುಕೊಂಡಿದ್ದನ್ನು ದಕ್ಷಿಣದಲ್ಲಿ ಬಡ್ಡಿ ಸಮೇತ ಪಡೆದಿದ್ದೇವೆ. ಒಮೆಗಾ ಸೆಂಟಾರಿ ಅಂತ ಒಂದು ನಕ್ಷತ್ರಗುಚ್ಛ ಇದೆ. ಸುಮಾರು 17,000 ಜ್ಯೋತಿರ್ವರ್ಷ ದೂರ, ಒಂದು ಕೋಟಿಯಷ್ಟು ನಕ್ಷತ್ರಗಳು. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ. ದೆಹಲಿಯವರಿಗೆ 14 ಡಿಗ್ರಿ ಮೇಲೆ ಬರುತ್ತದೆ. ನಮಗೆ 30 ಡಿಗ್ರಿ. 1603ರಲ್ಲಿ ನಕ್ಷತ್ರಗಳ ನಕ್ಷೆ ಮಾಡಿದ ಜರ್ಮನಿಯ ಬೇಯರ್ ಇದನ್ನು ಒಂಟಿ ನಕ್ಷತ್ರ ಅಂದುಕೊಂಡೇ ಒಮೆಗಾ ಅಕ್ಷರ ಕೊಟ್ಟಿದ್ದ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಖಗೋಳ ವಿಜ್ಞಾನಿ ಹ್ಯಾಲಿಗೆ ಇದು ನಕ್ಷತ್ರ ಅಲ್ಲ, ಏನೋ ಮಂಜು ಮಂಜಾಗಿದೆ ಅನ್ನಿಸಿತು. ನಮ್ಮ ಕಡೆ ಕತ್ತಲಿರುವ ಜಾಗದಲ್ಲಿ ಬರಿಗಣ್ಣಿಗೂ ಹಾಗೇ ಕಾಣುತ್ತದೆ. ಇದನ್ನು ಟೆಲಿಸ್ಕೋಪ್ ಇಲ್ಲದೆ ನಾನು ಹಿಡಿದದ್ದು ಹೇಗೆ ಅಂತ ಹೇಳುತ್ತೇನೆ.

ನನ್ನ ಹತ್ತಿರ ಇದ್ದದ್ದು ಹಳೇ ಡಿಎಸ್‌ಎಲ್‌ಆರ್, 50 ಎಂಎಂ ಎಫ್/1.8 ಲೆನ್ಸ್ (ಎಫ್ ಅಂಕೆ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ ದೊಡ್ಡದು), ಒಂದು ಗಟ್ಟಿ ಟ್ರೈಪಾಡ್. ತೊಂದರೆ ಅಂದರೆ ಭೂಮಿ ತಿರುಗುತ್ತಲೇ ಇರುತ್ತದೆ, ಅಲ್ವಾ? ಈ ಲೆನ್ಸಿನಲ್ಲಿ ಮೂರು ನಾಲ್ಕು ಸೆಕೆಂಡ್ ದಾಟಿದರೆ ನಕ್ಷತ್ರ ಚುಕ್ಕಿಯಾಗಿ ಉಳಿಯುವುದಿಲ್ಲ, ಗೀಟಾಗುತ್ತದೆ. ಭೂಮಿಗೆ ಎದುರಾಗಿ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದರ ಬೆಲೆ ನನ್ನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗಿಂತ ಜಾಸ್ತಿ. ಅದಕ್ಕೇ ಬಾಗಿಲಿನ ಹಾಗೆ ತೆರೆದುಕೊಳ್ಳುವ ಬಾರ್ನ್ ಡೋರ್ ಟ್ರ್ಯಾಕರ್ ಮಾಡಿಕೊಂಡೆ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ಎಂಬ ಹವ್ಯಾಸಿ ಇದನ್ನು ಜನರಿಗೆ ಪರಿಚಯಿಸಿದ್ದು.

ಎರಡು ಪ್ಲೈವುಡ್ ಹಲಗೆ, ಒಂದು ಅಂಚಿಗೆ ಬಾಗಿಲ ಹಿಂಜಸ್. ಕೆಳಗಿನ ಹಲಗೆಗೆ ಟಿ-ನಟ್ (ಮರಕ್ಕೆ ಹೊಡೆದು ಕೂರಿಸುವ ನಟ್) ಕೂರಿಸಿ, ಅದರೊಳಗಿಂದ ಎಂ6, ಅಂದರೆ 6 ಮಿಮೀ ದಪ್ಪದ ಬೋಲ್ಟು ಮೇಲಕ್ಕೆ ಏರುವ ಹಾಗೆ ಮಾಡಬೇಕು. ಬೋಲ್ಟು ಮೇಲಿನ ಹಲಗೆಯನ್ನು ನಿಧಾನಕ್ಕೆ ಎತ್ತುತ್ತದೆ. ಆ ಹಲಗೆ ಮೇಲೆ ಯಾವ ಕಡೆಗಾದರೂ ತಿರುಗುವ ಬಾಲ್ ಹೆಡ್, ಅದರ ಮೇಲೆ ಕ್ಯಾಮೆರಾ. ಎಂ6 ಬೋಲ್ಟಿನ ಒಂದು ಸುತ್ತಿಗೆ 1 ಮಿಮೀ ಏರಿಕೆ. ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗಿಸಿದಾಗ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳಬೇಕು ಅಂದರೆ, ಹಿಂಜಸ್ಸಿನ ಕಡ್ಡಿಯಿಂದ ಬೋಲ್ಟಿನ ನಡುವಿಗೆ 228.5 ಮಿಮೀ ಇರಬೇಕು. ಹಲಗೆಯ ಅಂಚಿನಿಂದ ಅಲ್ಲ, ಕಡ್ಡಿಯಿಂದ ಅಳೆಯಬೇಕು. ಒಂದೆರಡು ಮಿಮೀ ಆಚೀಚೆ ಆದರೆ 50 ಎಂಎಂ ಲೆನ್ಸಿಗೆ ಗೊತ್ತಾಗುವುದಿಲ್ಲ. ಆದರೆ ಆಡುವ ಹಿಂಜಸ್ ಗೊತ್ತಾಗುತ್ತದೆ. ಅಂಗಡಿಯಲ್ಲೇ ಅಲ್ಲಾಡಿಸಿ ನೋಡಿ, ಸಡಿಲ ಇರುವುದನ್ನು ಬಿಟ್ಟುಬಿಡಿ.

ಬೋಲ್ಟಿನ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದೆ. ಅದು ತಾಗುವ ಕಡೆ ಮೇಲಿನ ಹಲಗೆಗೆ ಒಂದು ರೂಪಾಯಿ ನಾಣ್ಯ ಅಂಟಿಸಿದೆ, ಇಲ್ಲದಿದ್ದರೆ ಬೋಲ್ಟು ಮರವನ್ನು ಕೊರೆಯುತ್ತದೆ. ಕೆಳಗೆ ಬೋಲ್ಟಿನ ತಲೆಗೆ ಹಳೇ ಸಿಡಿ ಸಿಕ್ಕಿಸಿ, ಅದರ ಅಂಚಿಗೆ 60 ಗೀಟು ಹಾಕಿದೆ. ಫೋನಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ನಿಮಿಷಕ್ಕೆ 60ಕ್ಕೆ ಇಟ್ಟರೆ ಟಿಕ್, ಟಿಕ್ ಅನ್ನುತ್ತದೆ. ಒಂದು ಟಿಕ್ಕಿಗೆ ಒಂದು ಗೀಟು. ಅಷ್ಟರಲ್ಲಿ ಆಕಾಶ ಸರಿಯುವುದು ನನ್ನ ಫೋಟೊದ ಒಂದು ಪಿಕ್ಸೆಲ್ಲಿನಷ್ಟೂ ಇಲ್ಲ. ಕಾಲು ನಿಮಿಷ ಸುಮ್ನೆ ಕೂತು ಕಾಲು ಸುತ್ತು ಒಟ್ಟಿಗೆ ತಿರುಗಿಸಿದರಾಯ್ತು ಅಂತ ಕೆಲವರು ಹೇಳುತ್ತಾರೆ. ಅಗಲ ಲೆನ್ಸಿಗೆ ನಡೆದೀತು, ಇದಕ್ಕೆ ನಡೆಯುವುದಿಲ್ಲ.

ಈಗ ನಮ್ಮ 12 ಡಿಗ್ರಿ ವಿಷಯ. ಆಕಾಶ ಧ್ರುವ ನಕ್ಷತ್ರದ ಸುತ್ತ ತಿರುಗುವಂತೆ ಕಾಣುವುದರಿಂದ, ಹಿಂಜಸ್ಸಿನ ಕಡ್ಡಿ ಅದರ ಕಡೆ ನೆಟ್ಟಗೆ ತೋರಿಸಬೇಕು. ವಿದೇಶಿ ಚಿತ್ರಗಳಲ್ಲಿ ಹಲಗೆ ಓರೆಯಾಗಿ ನೇತಾಡುವುದು ಅದಕ್ಕೇ. ನಮ್ಮಲ್ಲಿ ಅದು ಹೆಚ್ಚುಕಮ್ಮಿ ಮಲಗಿಯೇ ಇರುತ್ತದೆ. ಇದು ಲಾಭ! ಭಾರ ನೇರ ಟ್ರೈಪಾಡಿನ ಮೇಲೆ ಕೂರುತ್ತದೆ, ಜಾರುವುದಿಲ್ಲ. ಬಡಗಿ ಹತ್ತಿರ 12 ಡಿಗ್ರಿಯ ಒಂದು ಬೆಣೆ ಕೊಯ್ಸಿ ಹಲಗೆಯ ಕೆಳಗೆ ಕೂರಿಸಿದೆ. ಟ್ರೈಪಾಡನ್ನು ರಸಮಟ್ಟ ಇಟ್ಟು ಸಮ ಮಾಡಿದರೆ ಎತ್ತರದ ಕೋನ ತಾನಾಗೇ ಸಿಗುತ್ತದೆ. ಆಮೇಲೆ ಉತ್ತರಕ್ಕೆ ತಿರುಗಿಸುವುದಷ್ಟೇ ಕೆಲಸ. ನೀವು ಬೆಳಗಾವಿಯವರಾದರೆ 16, ಬೀದರದವರಾದರೆ 18 ಡಿಗ್ರಿ ಬೆಣೆ ಮಾಡಿಸಿ. ಉತ್ತರಕ್ಕೆ ಮುಖ ಮಾಡಿ ನಿಂತಾಗ ಹಿಂಜಸ್ ಎಡಗಡೆ, ಅಂದರೆ ಪಶ್ಚಿಮಕ್ಕೆ ಇರಬೇಕು.

ಹಿಂಜಸ್ಸಿನ ಉದ್ದಕ್ಕೆ ಜ್ಯೂಸ್ ಕುಡಿಯುವ ಸ್ಟ್ರಾ ಅಂಟಿಸಿದ್ದೇನೆ. ಅದರೊಳಗೆ ಧ್ರುವ ನಕ್ಷತ್ರ ಕಂಡರೆ ಸಾಕು. ಒಂದು ಡಿಗ್ರಿ ತಪ್ಪಿದ್ದರೂ ಈ ಲೆನ್ಸಿನಲ್ಲಿ ಒಂದು ನಿಮಿಷಕ್ಕೆ ಹೆಚ್ಚೆಂದರೆ ಒಂದು ಪಿಕ್ಸೆಲ್ ಸರಿಯುತ್ತದೆ. ಮರ ಅಡ್ಡ ಇದ್ದರೆ ಫೋನಿನ ದಿಕ್ಸೂಚಿಯನ್ನೇ ನಂಬಬಹುದು. ಅದು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ವ್ಯತ್ಯಾಸ ತೀರಾ ಕಡಿಮೆ. ಆದರೆ ಫೋನನ್ನು ಹಲಗೆ ಮೇಲಿಟ್ಟು ನೋಡಬೇಡಿ. ಬೋಲ್ಟು, ಹಿಂಜಸ್ಸಿನ ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ.

ಜಾಗದ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಬೆಂಗಳೂರಿನವರು ನಕ್ಷತ್ರ ಅಂದ ಕೂಡಲೇ ನಂದಿಬೆಟ್ಟದ ಕಡೆ ಹೊರಡುತ್ತಾರೆ. ದಕ್ಷಿಣದ ಆಕಾಶಕ್ಕೆ ಅದು ಸರಿಯಲ್ಲ. ಅಲ್ಲಿ ನಿಂತರೆ ದಕ್ಷಿಣದಲ್ಲಿ ಇಡೀ ಬೆಂಗಳೂರಿನ ಬೆಳಕು. ತ್ರಿಶಂಕು (ಸದರ್ನ್ ಕ್ರಾಸ್), ಒಮೆಗಾ ಸೆಂಟಾರಿ ಎಲ್ಲಾ ಅದರಲ್ಲೇ ಮುಳುಗುತ್ತವೆ. ಊರು ನಮ್ಮ ಬೆನ್ನಿಗಿರಬೇಕು. ನಾನು ಹೋಗುವುದು ಕೊಳ್ಳೇಗಾಲದ ಆಚೆ, ಭಾವನ ಜಮೀನಿಗೆ. ದಕ್ಷಿಣಕ್ಕೆ ಬೆಟ್ಟ, ಕಾಡು. ಕಾಡಿನ ಒಳಗೆ ಹೋಗುವ ಸಾಹಸ ಬೇಡ. ಅನುಮತಿಯೂ ಇಲ್ಲ, ಆನೆಯೂ ಇದೆ. ಗೊತ್ತಿರುವವರ ಹೊಲವೇ ಒಳ್ಳೆಯದು.

ಹೊಲದಲ್ಲೂ ರಾತ್ರಿ ಒಬ್ಬರೇ ಇರುತ್ತೇವೆ ಅಂದುಕೊಳ್ಳಬೇಡಿ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಮೋಟಾರು ಹಾಕಲು ಅಕ್ಕಪಕ್ಕದವರು ಟಾರ್ಚ್ ಹಿಡಿದು ಬರುತ್ತಾರೆ. ಹಾಗೆ ಬಂದ ಹಿರಿಯರೊಬ್ಬರು ಟ್ರೈಪಾಡ್ ನೋಡಿ, "ಏನ್ ಸಾ, ರಾತ್ರಿ ಹೊತ್ತಲ್ಲಿ ಜಮೀನು ಸರ್ವೆ ಮಾಡ್ತಾ ಇದ್ದೀರಾ?" ಅಂದರು. ಸರ್ವೆ ಅಲ್ಲ ಅಂತ ನಂಬಿಸಲು ಕ್ಯಾಮೆರಾದ ಪರದೆ ತೋರಿಸಬೇಕಾಯಿತು. ಬಿಳಿ ಟಾರ್ಚ್ ಬಿದ್ದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುತ್ತದೆ, ಕೆಂಪು ಬೆಳಕಿಗೆ ಅಷ್ಟು ಕೆಡುವುದಿಲ್ಲ. ಅದಕ್ಕೇ ಒಂದು ಕೆಂಪು ಜಿಲೆಟಿನ್ ಕಾಗದ ಜಾಸ್ತಿ ಇಟ್ಟುಕೊಂಡಿರುತ್ತೇನೆ, ಬಂದವರ ಟಾರ್ಚಿಗೂ ಸುತ್ತಿಬಿಡಬಹುದು.

ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಅಮಾವಾಸ್ಯೆ ಆಸುಪಾಸಿನ ರಾತ್ರಿಗಳೇ ನಮ್ಮ ಸಮಯ. ಜೂನ್ ಬಂದರೆ ಮಳೆ. ಏಪ್ರಿಲ್ ನಡುವಿನಲ್ಲಿ ರಾತ್ರಿ ಹನ್ನೆರಡೂಕಾಲು ಸುಮಾರಿಗೆ ಒಮೆಗಾ ಸೆಂಟಾರಿ ಸರಿಯಾಗಿ ದಕ್ಷಿಣದಲ್ಲಿ ಇರುತ್ತದೆ. ಹುಡುಕುವುದು ಸುಲಭ. ಚಿತ್ತಾ ನಕ್ಷತ್ರ ನೇರ ದಕ್ಷಿಣಕ್ಕೆ ಬಂದಾಗ, ಕೈ ಚಾಚಿ ಅದರಿಂದ ಕೆಳಕ್ಕೆ ಮೂರೂವರೆ ಮುಷ್ಟಿ ಅಳೆಯಿರಿ. ಅಲ್ಲೇ ಇರುತ್ತದೆ. ಫೋಕಸ್ ಮಾಡಲು ನಾನು ಸ್ವಾತಿ ನಕ್ಷತ್ರ ಬಳಸುತ್ತೇನೆ. ಲೈವ್ ವ್ಯೂನಲ್ಲಿ 10 ಪಟ್ಟು ದೊಡ್ಡದು ಮಾಡಿ, ಚುಕ್ಕಿ ಅತಿ ಚಿಕ್ಕದಾಗುವವರೆಗೆ ರಿಂಗ್ ತಿರುಗಿಸಿ, ಮೇಲೆ ಟೇಪ್ ಹಾಕಿಬಿಡುತ್ತೇನೆ. ಎಫ್/2.8, ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 1600, 30 ಸೆಕೆಂಡ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಎಫ್/1.8ರಲ್ಲೇ ತೆಗೆದರೆ ಮೂಲೆಯ ನಕ್ಷತ್ರಗಳಿಗೆಲ್ಲ ರೆಕ್ಕೆ ಮೂಡುತ್ತದೆ.

ಅರ್ಧ ಗಂಟೆ ತಿರುಗಿಸಿದ ಮೇಲೆ ಬೋಲ್ಟನ್ನು ಪೂರ್ತಿ ಇಳಿಸಿ ಮತ್ತೆ ಶುರು ಮಾಡಬೇಕು. ಬೋಲ್ಟು ನೇರ, ಹಲಗೆ ತೆರೆಯುವುದು ಬಿಲ್ಲಿನಂತೆ. ಆದ್ದರಿಂದ ಹೆಚ್ಚು ತೆರೆದಷ್ಟೂ ಅದರ ವೇಗ ಕಡಿಮೆಯಾಗುತ್ತದೆ. ಕೊನೆಗೆ ಲೆನ್ಸಿಗೆ ಮುಚ್ಚಳ ಹಾಕಿ ಅದೇ 30 ಸೆಕೆಂಡಿನ ಒಂದಿಷ್ಟು ಡಾರ್ಕ್ ಫ್ರೇಮ್ ತೆಗೆಯಲೇಬೇಕು. ಚಳಿ ದೇಶದವರು ಇದನ್ನು ಬಿಟ್ಟರೂ ನಡೆಯುತ್ತದೆ ಅನ್ನುತ್ತಾರೆ. ನಮ್ಮ ಏಪ್ರಿಲ್ ರಾತ್ರಿಯ ಸೆಖೆಗೆ ಸೆನ್ಸರ್ ಬಿಸಿಯಾಗಿ ಕೆಂಪು, ನೀಲಿ ಚುಕ್ಕಿಗಳು ತುಂಬಿಕೊಳ್ಳುತ್ತವೆ. ಡಾರ್ಕ್ ಫ್ರೇಮಿನಲ್ಲಿ ಆ ಚುಕ್ಕಿಗಳಷ್ಟೇ ಇರುವುದರಿಂದ, ಆಮೇಲೆ ಅವನ್ನು ಫೋಟೊದಿಂದ ಕಳೆಯಬಹುದು. ಬಿಡೋ ಹಾಗಿಲ್ಲ.

ಮನೆಗೆ ಬಂದು ಸಿರಿಲ್ ಎಂಬ ತಂತ್ರಾಂಶದಲ್ಲಿ ಎಲ್ಲ ಫ್ರೇಮುಗಳನ್ನು ಒಂದರ ಮೇಲೊಂದು ಕೂರಿಸುತ್ತೇನೆ. ದುಡ್ಡು ಕೊಡಬೇಕಿಲ್ಲ. ಅರವತ್ತು ಫ್ರೇಮ್ ಸೇರಿಸಿದರೆ ಗದ್ದಲ, ಅಂದರೆ ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವುದು, ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೆಳಗಿನಿಂದ ಏರುವ ಬೆಳಕಿನ ಮಬ್ಬನ್ನೂ ಅದೇ ತೆಗೆಯುತ್ತದೆ. ಆಮೇಲೆ ಬಣ್ಣ ಜಾಸ್ತಿ ಎಳೆಯುವುದಿಲ್ಲ. ಆಕಾಶವನ್ನು ನೇರಳೆ ಮಾಡುವ ಹುಚ್ಚು ನನಗೆ ಹಿಡಿಸಲ್ಲ.

ಚಿತ್ರದಲ್ಲಿ ಒಮೆಗಾ ಸೆಂಟಾರಿ ಸುಮಾರು 130 ಪಿಕ್ಸೆಲ್ ಅಗಲ ಬರುತ್ತದೆ. ಆಕಾಶದಲ್ಲಿ ಅದು ಹೆಚ್ಚುಕಮ್ಮಿ ಹುಣ್ಣಿಮೆ ಚಂದ್ರನಷ್ಟೇ ಅಗಲ. ನಡುವೆ ಬಿಳಿ ಗುಡ್ಡೆ, ಅಂಚಿಗೆ ಹೋದಂತೆ ರವೆಯ ಹಾಗೆ ಬಿಡಿ ಬಿಡಿ. ಅದರ ಉತ್ತರಕ್ಕೆ ನಾಲ್ಕೂವರೆ ಡಿಗ್ರಿಯಲ್ಲಿ ಇನ್ನೊಂದು ಸಣ್ಣ ಮಸುಕು ಸಿಕ್ಕಿತು. ಅದು ಸೆಂಟಾರಸ್ ಎ ಗ್ಯಾಲಕ್ಸಿ, ಒಂದು ಕೋಟಿ ಜ್ಯೋತಿರ್ವರ್ಷಕ್ಕೂ ದೂರದ್ದು.

ಈಗ 135 ಎಂಎಂ ಲೆನ್ಸ್ ಹಾಕುವ ಆಸೆ. ಅದಕ್ಕೆ ಕೈ ತಿರುಗಿಸುವುದು ಸಾಲದು. ಎಸ್‌ಪಿ ರೋಡಿನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ) ಸಿಗುವ 28ಬಿವೈಜೆ-48 ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 2048 ಹೆಜ್ಜೆಗಳಲ್ಲಿ ತಿರುಗುತ್ತದೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ನಿಮಿಷಕ್ಕೆ ಒಂದು ಸುತ್ತು ಹಾಕಿಸಿದ್ದೇನೆ, ಮೇಜಿನ ಮೇಲೆ ಸರಿಯಾಗಿ ಓಡುತ್ತಿದೆ. ಸಿಡಿ ಬಿಚ್ಚಿ ಅದನ್ನು ಬೋಲ್ಟಿಗೆ ಕೂರಿಸುವ ಕೆಲಸ ಬಾಕಿ ಇದೆ.