ಭಾನುವಾರ ರಾತ್ರಿಯ ಮೀಟರ್

ಕಾರು ಕಾರ್ಖಾನೆಯೊಂದರ ಪರಿಸರ ವಿಭಾಗದ ಹೊಣೆ ನನ್ನ ಹೆಗಲಿಗೆ ಬಿದ್ದಾಗ ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14001 ಪ್ರಮಾಣಪತ್ರ ಆಗಲೇ ಗೋಡೆಯ ಮೇಲೆ ತೂಗುತ್ತಿತ್ತು. ಕಪಾಟಿನ ಕಡತಗಳನ್ನೆಲ್ಲ ಓದಿ ಮುಗಿಸಿದ ಮೇಲೂ ವಿದ್ಯುತ್ತು ಎಲ್ಲಿ ಖರ್ಚಾಗುತ್ತಿದೆ ಎಂಬುದು ನನಗೆ ತಿಳಿಯಲಿಲ್ಲ. ಆದ್ದರಿಂದ ಒಂದೂ ಕಾರು ತಯಾರಾಗದ ಒಂದು ಭಾನುವಾರ ರಾತ್ರಿ ಒಳಹೊಕ್ಕು, ಮೀಟರುಗಳನ್ನು ಒಂದೊಂದಾಗಿ ಓದಿ ಬರೆದುಕೊಂಡೆ. ಉತ್ಪಾದನೆ ಪೂರ್ತಿ ನಿಂತಿದ್ದರೂ ಕೆಲಸದ ದಿನದ ಬಳಕೆಯಲ್ಲಿ ಮೂರನೆಯ ಒಂದು ಪಾಲು ಹಾಗೆಯೇ ಓಡುತ್ತಿತ್ತು.

ಮೊದಲು ಸಿಕ್ಕಿಬಿದ್ದದ್ದು ಉಪಕರಣಗಳನ್ನು ನಡೆಸಲು ಕಂಪ್ರೆಸರ್ ಒತ್ತಿ ಕಳುಹಿಸುವ ಗಾಳಿ. ರೋಬೋಟುಗಳು ಸುಮ್ಮನಿರುವಾಗ, ಕಾರಿನ ಲೋಹದ ಒಡಲನ್ನು ಬೆಸೆಯುವ ಬಾಡಿ ಶಾಪ್‌ನಲ್ಲಿ ನಿಂತರೆ ಸೋರಿಕೆಯ ಬುಸುಗುಡುವಿಕೆ ನಾಲ್ಕೂ ಕಡೆಯಿಂದ ಕೇಳಿಸುತ್ತದೆ. ವೆಲ್ಡಿಂಗ್ ಗನ್ನೊಂದರ ಗಾಳಿ ಕೊಳವೆಯ ಜೋಡಣೆಗೆ ಯಾರೋ ಒರೆಸುವ ಬಟ್ಟೆಯನ್ನು ಬಿಗಿಯಾಗಿ ಸುತ್ತಿದ್ದರು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರ್ ಸೀಳಿತ್ತು. ಬಟ್ಟೆ ಸುತ್ತಿದ್ದು ಸೋರಿಕೆ ನಿಲ್ಲಲಿ ಎಂದಲ್ಲ, ಸದ್ದು ಕಿವಿಗೆ ಬಡಿಯದಿರಲಿ ಎಂದು. ಸೋರುವ ಜಾಗಗಳಿಗೆಲ್ಲ ಕೆಂಪು ಚೀಟಿ ಕಟ್ಟಿ ದುರಸ್ತಿ ಮಾಡಿಸಿದ ಮೇಲೆ ಲೈನಿನ ಒತ್ತಡವನ್ನು 7 ಬಾರ್‌ನಿಂದ 6ಕ್ಕೆ ಇಳಿಸಲು ಸಾಧ್ಯವಾಯಿತು. ಒಂದು ಬಾರ್ ಇಳಿದರೆ ಕಂಪ್ರೆಸರಿನ ವಿದ್ಯುತ್ತಿನಲ್ಲಿ ಸುಮಾರು ಶೇ. 7ರಷ್ಟು ಉಳಿತಾಯವಾಗುತ್ತದೆ.

ನಿಜವಾದ ಹೋರಾಟ ನಡೆದದ್ದು ಪೇಂಟ್ ಶಾಪ್‌ನಲ್ಲಿ. ಕಾರು ಜೋಡಿಸುವ ಕಾರ್ಖಾನೆಗಳಲ್ಲಿ ಅತಿ ಹೆಚ್ಚು ಶಕ್ತಿ ನುಂಗುವ ವಿಭಾಗ ಸಾಮಾನ್ಯವಾಗಿ ಅದೇ. ಬಣ್ಣ ಸಿಂಪಡಿಸುವ ಬೂತಿನೊಳಗೆ ಉಷ್ಣತೆ ಮತ್ತು ತೇವಾಂಶ ಎರಡನ್ನೂ ಬಿಗಿಯಾಗಿ ಕಾಯ್ದುಕೊಂಡ ಗಾಳಿ ಮೇಲಿನಿಂದ ಕೆಳಕ್ಕೆ ಎಡೆಬಿಡದೆ ಇಳಿಯುತ್ತಿರಬೇಕು. ತುಕ್ಕು ಹಿಡಿಯದಂತೆ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಅಂಟಿಸುವ ಪದರವೇ ಇ-ಕೋಟ್; ಅದರ ಓವನ್ನಿನಲ್ಲಿ ಬಾಡಿಯನ್ನು 160ರಿಂದ 180 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ಬೇಯಿಸಬೇಕು. ರಜೆಯ ದಿನವೂ ಬೂತಿನ ಫ್ಯಾನುಗಳು ಪೂರ್ಣ ವೇಗದಲ್ಲಿ ತಿರುಗುತ್ತಿದ್ದುದಕ್ಕೆ ಅಲ್ಲಿನ ಮೇಲ್ವಿಚಾರಕರು ಕೊಟ್ಟ ಕಾರಣ ಒಂದೇ: "ನಿಲ್ಲಿಸಿದರೆ ಧೂಳು ಕೂರುತ್ತದೆ ಸಾರ್, ಸೋಮವಾರ ಉತ್ತರ ಕೊಡುವವರು ನಾವು." ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ಬೇಡುವ ಶಕ್ತಿ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬ ಲೆಕ್ಕ ತೋರಿಸಿ, ನಿಲ್ಲಿಸುವುದು ಬೇಡ, ನಿಧಾನಗೊಳಿಸೋಣ ಎಂದು ಅವರನ್ನು ಒಪ್ಪಿಸಿದೆ.

ಮೊದಲ ಸೋಮವಾರವೇ ನನ್ನ ಲೆಕ್ಕ ತಲೆಕೆಳಗಾಯಿತು. ಬಾನೆಟ್ಟುಗಳ ಮೇಲೆ ಸಾಸಿವೆಗಿಂತ ಸಣ್ಣ ಕಾಳುಗಳು ಎದ್ದಿದ್ದವು. ಅವುಗಳನ್ನು ಉಜ್ಜಿ, ಮತ್ತೆ ಬಣ್ಣ ಹೊಡೆದು, ಮತ್ತೆ ಓವನ್ನಿಗೆ ಕಳುಹಿಸುವಷ್ಟರಲ್ಲಿ ಉಳಿಸಿದ್ದರಲ್ಲಿ ಬಹುಪಾಲು ಕರಗಿತು. ತಪ್ಪು ನನ್ನದೇ: ಶಿಫ್ಟ್ ಶುರುವಾಗಲು ಹತ್ತು ನಿಮಿಷ ಇರುವಾಗ ವೇಗ ಹೆಚ್ಚಿಸಲು ಹೇಳಿದ್ದೆ. ಫ್ಯಾನುಗಳನ್ನು ಎರಡು ಗಂಟೆ ಮೊದಲೇ ಪೂರ್ಣ ವೇಗಕ್ಕೆ ತಂದು, ತೇವಾಂಶ ಸ್ಥಿರವಾದ ಮೇಲಷ್ಟೇ ಮೊದಲ ಬಾಡಿಯನ್ನು ಒಳಗೆ ಬಿಡುವ ಪದ್ಧತಿ ಮಾಡಿದ ಬಳಿಕ ಆ ದೂರು ಬರಲಿಲ್ಲ. ಇ-ಕೋಟ್ ತೊಟ್ಟಿಯ ಪಂಪುಗಳನ್ನು ಮಾತ್ರ ನಾವು ಎಂದೂ ಮುಟ್ಟಲಿಲ್ಲ. ಕಲಕುವುದು ನಿಂತರೆ ಬಣ್ಣ ತಳ ಸೇರುತ್ತದೆ.

ಅಂಕಿಗಳು ಸುಧಾರಿಸಿದಾಗ ಬೇರೊಂದು ತಕರಾರು ಎದ್ದಿತು. ವಾರ್ಷಿಕ ವರದಿಯ ಮೊದಲ ಪುಟದಲ್ಲಿ "ಪ್ರತಿ ಕಾರಿಗೆ ವಿದ್ಯುತ್ ಬಳಕೆ" ಎಂಬ ಒಂದೇ ಗೆರೆಯನ್ನು ಹಾಕಬೇಕೆಂದು ಮೇಲಿನವರು ಬಯಸಿದರು. ಆ ವರ್ಷ ಉತ್ಪಾದನೆ ಏರಿದ್ದರಿಂದ ಆ ಗೆರೆ ಅಂದವಾಗಿ ಇಳಿದಿತ್ತು, ಒಟ್ಟು ಬಳಕೆ ಮಾತ್ರ ಏರಿತ್ತು. ಎರಡನ್ನೂ ಒಟ್ಟಿಗೆ ಮುದ್ರಿಸಬೇಕೆಂದು ನಾನು ಪಟ್ಟು ಹಿಡಿದೆ. ಅದಕ್ಕಿಂತ ಮುಜುಗರದ ಲೆಕ್ಕವೂ ಒಂದಿತ್ತು. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು 1,50,000 ಕಿಲೋಮೀಟರ್ ಓಡುವಷ್ಟರಲ್ಲಿ 10,000 ಲೀಟರ್ ಸುಡುತ್ತದೆ, ಲೀಟರಿಗೆ 2.3 ಕಿಲೋ ಎಂದರೂ ಅದು 23 ಟನ್ ಇಂಗಾಲದ ಡೈಆಕ್ಸೈಡ್. ಅದೇ ಕಾರನ್ನು ಜೋಡಿಸಿ ಬಣ್ಣ ಹೊಡೆಯಲು ನಮ್ಮ ಕಾರ್ಖಾನೆಯಿಂದ ಹೊರಬೀಳುತ್ತಿದ್ದದ್ದು ಒಂದು ಟನ್ನಿಗೂ ಕಡಿಮೆ. ಜಿಎಚ್‌ಜಿ ಪ್ರೋಟೊಕಾಲ್ ಎಂಬ ಹಸಿರುಮನೆ ಅನಿಲಗಳ ಲೆಕ್ಕದ ಪದ್ಧತಿಯ ಪ್ರಕಾರ ಮಾರಿದ ಕಾರಿನ ಹೊಗೆ, ಕಾರ್ಖಾನೆಯಾಚೆಯ ಪರೋಕ್ಷ ಹೊಗೆಯ ಲೆಕ್ಕವಾದ "ಸ್ಕೋಪ್ 3"ರಲ್ಲಿ ಕಂಪನಿಯ ಲೆಕ್ಕಕ್ಕೇ ಬರುತ್ತದೆ, ಉಕ್ಕು ಮತ್ತು ಅಲ್ಯೂಮಿನಿಯಂ ತಯಾರಿಕೆಯದೂ ಅಲ್ಲಿಗೇ ಸೇರುತ್ತದೆ. ಬಾಗಿಲೊಳಗಿನ ಲೆಕ್ಕವನ್ನಷ್ಟೇ ಹೇಳಿ "ಹಸಿರು ಕಾರ್ಖಾನೆ" ಎಂದು ಬರೆಯಲು ನನ್ನ ಕೈ ಏಳಲಿಲ್ಲ.

ಮೂರು ಕರಡುಗಳು ತಿರುಗಿ ಬಂದ ಮೇಲೆ ಒಟ್ಟು ಬಳಕೆಯ ಗೆರೆ ಮೊದಲ ಪುಟಕ್ಕೆ ಬಂತು, ಸ್ಕೋಪ್ 3ರ ಕೋಷ್ಟಕಕ್ಕೆ ಹದಿನಾಲ್ಕನೆಯ ಪುಟದಲ್ಲಿ ಜಾಗ ಸಿಕ್ಕಿತು. ಭಾನುವಾರ ರಾತ್ರಿಯ ಬಳಕೆ ಈಗ ಐದನೆಯ ಒಂದು ಪಾಲಿಗೆ ಇಳಿದಿದೆ. ಉಳಿದುದರಲ್ಲಿ ನೀರು ತಣಿಸುವ ಯಂತ್ರಗಳಾದ ಚಿಲ್ಲರ್‌ಗಳದೇ ದೊಡ್ಡ ಪಾಲು, ಅವುಗಳ ಮೀಟರನ್ನು ಹೋದ ತಿಂಗಳಷ್ಟೇ ಬೇರ್ಪಡಿಸಿದ್ದೇವೆ.