ಕೆಳದರದ ಲೆಕ್ಕದಲ್ಲಿ ಟೊಮೆಟೊ: ನನ್ನ ಅನುಭವ

ಕೋಲಾರದ ಮಾರುಕಟ್ಟೆಗೆ ಮಾಲು ಹಾಕುವ ಯಾರೂ 2023ರ ಜುಲೈ ತಿಂಗಳನ್ನು ಮರೆತಿಲ್ಲ. 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ನನ್ನದು ಆಗಲೂ ಒಂದೇ ಎಕರೆ ಟೊಮೆಟೊ. ಉಳಿದ ಜಮೀನಿನಲ್ಲಿ ಹಿಪ್ಪುನೇರಳೆ, ರಾಗಿ. "ಲಕ್ಷ್ಮಿ ಬಂದರೂ ಇವನು ಅರ್ಧ ಬಾಗಿಲು ತೆಗೆಯುತ್ತಾನೆ" ಎಂದು ಊರವರು ನಕ್ಕರು. ಆ ಎಕರೆಯಲ್ಲಿ ಖರ್ಚು ಕಳೆದು ಏಳೆಂಟು ಲಕ್ಷ ಉಳಿಯಿತು. ದರ ನೋಡಿ ಸಸಿ ಬುಕ್ ಮಾಡಿದವರ ಕಾಯಿ ಕೈಗೆ ಬರುವಷ್ಟರಲ್ಲಿ ಸೆಪ್ಟೆಂಬರ್ ಮುಗಿಯುತ್ತಿತ್ತು. ಬೆಲೆ ನೆಲ ಕಚ್ಚಿತ್ತು. ನರ್ಸರಿಯಲ್ಲಿ 25 ದಿನ, ನಾಟಿಯಿಂದ ಮೊದಲ ಕೊಯ್ಲಿಗೆ ಎರಡು ತಿಂಗಳ ಮೇಲೆ. ಇಂದಿನ ದರ ಇಂದು ಕೊಯ್ಯುವವನದು.

ನಾನು ಹಳೆಯ ಮಂಡಿ ಚೀಟಿಗಳನ್ನು (ಮಾರಿದ ದರ ಬರೆದುಕೊಡುವ ಚೀಟಿ) ಕಡಿಮೆ ದರದಿಂದ ಹೆಚ್ಚಿನದಕ್ಕೆ ಜೋಡಿಸಿ, ಕೆಳಗಿನ ಕಾಲು ಭಾಗ ಮುಗಿಯುವಲ್ಲಿರುವ ದರವನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ನನಗೆ ಅದು ಬಾಕ್ಸಿಗೆ 180 ರೂಪಾಯಿ ಆಸುಪಾಸು. ಸರಾಸರಿ ಬೇಡ, ಒಂದು ಜುಲೈ ಸಾಕು ಅದನ್ನು ಕೆಡಿಸಲು. ಕೊಯ್ಲು, ಲಾರಿ, ಮಂಡಿ ಎಂದು ಐವತ್ತು ಹೋದರೆ ಕೈಗೆ 130. ಎಕರೆಗೆ ಸುಮಾರು 1500 ಬಾಕ್ಸ್ ಎಂದರೆ ಎರಡು ಲಕ್ಷವೂ ಆಗದು. ನನ್ನ ಖರ್ಚೋ ಎರಡೂವರೆ ಲಕ್ಷವಿತ್ತು!

ಖರ್ಚು ಇಳಿಸುವುದರಲ್ಲೇ ವರ್ಷಗಳು ಹೋದವು. ಗಿಡಕ್ಕೆ ಆಸರೆ ಕೊಡುವ ಹಳೆಯ ಕಡ್ಡಿಗಳನ್ನೇ ಮತ್ತೆ ನೆಟ್ಟರೆ ಒಮ್ಮೆ ಗೆದ್ದಲು ತಿಂದು, ಕಾಯಿ ತುಂಬಿದ ಸಾಲುಗಳು ಮಳೆಯಲ್ಲಿ ಮಲಗಿದವು. ನಲವತ್ತು ಸಾವಿರವಾದರೂ ಮಣ್ಣುಪಾಲು. ಬೇಸಿಗೆ ಬೆಳೆಯೊಂದರಲ್ಲಿ ಬಿಳಿನೊಣ ತಂದ ಎಲೆ ಸುರುಳಿ ರೋಗ ಅರ್ಧ ತೋಟ ನುಂಗಿತು. ಈಗ ಕಡ್ಡಿಯ ಬುಡಕ್ಕೆ ಒಂದು ಲೇಪನವಿದೆ (ಅದರ ಅಳತೆ ನನ್ನಲ್ಲೇ ಇರಲಿ), ನೆಲಕ್ಕೆ ಹೊದಿಸುವ ಒಂದೇ ಮಲ್ಚಿಂಗ್ ಶೀಟಿನಲ್ಲಿ ಎರಡು ಬೆಳೆ, ವಾರ ಬಂತೆಂದು ಔಷಧಿ ಹೊಡೆಯುವುದಿಲ್ಲ. ಖರ್ಚು ಒಂದೂಮುಕ್ಕಾಲು ಲಕ್ಷಕ್ಕೆ ಬಂದಿದೆ.

ಕಾಯಿಕೊರಕ ಹುಳುವನ್ನು ತನ್ನತ್ತ ಸೆಳೆಯಲೆಂದು ಹದಿನಾರು ಸಾಲಿಗೊಂದು ಸಾಲು ಚೆಂಡು ಹೂವನ್ನೂ ಹಾಕಿ ನೋಡಿದೆ. ಕಾಯಿಕೊರಕ ಕಡಿಮೆಯಾಯಿತೆಂದು ಎದೆ ತಟ್ಟಿ ಹೇಳಲಾರೆ. ದಸರೆಯಲ್ಲಿ ಹೂವಿನ ದುಡ್ಡು ಔಷಧಿ ಅಂಗಡಿಯ ಬಾಕಿಯನ್ನಂತೂ ತೀರಿಸಿತು.

ದರ ಐವತ್ತಕ್ಕಿಂತ ಇಳಿದ ದಿನ ಕೊಯ್ಯುವುದಿಲ್ಲ. "ಬೆಳೆದದ್ದನ್ನು ಕೊಳೆಸುತ್ತೀಯಲ್ಲೋ" ಎಂದು ಅಮ್ಮ ಈಗಲೂ ಬೈಯುತ್ತಾರೆ. ಕೊಯ್ದು ಕಳಿಸಿದರೆ ಲಾರಿ ಬಾಡಿಗೆಯನ್ನೂ ನಾನೇ ಕೊಡಬೇಕೆಂದು ಚೀಟಿ ತೋರಿಸಿದರೂ ಒಪ್ಪುವುದಿಲ್ಲ.

ನಾಟಿ ಮಾಡುವ ವಾರ ಯಾವುದೆಂದು ಮಾತ್ರ ಕೇಳಬೇಡಿ. ಎಲ್ಲರೂ ಅದೇ ವಾರ ನೆಟ್ಟರೆ ನನ್ನ 180 ಕೂಡ ಉಳಿಯುವುದಿಲ್ಲ.