ಬಾಲ್ ಜೊತೆ ಪುಸ್ತಕವೂ ಇರಲಿ: ಒಬ್ಬ ಕೋಚ್‌ನ ಅನುಭವ

ಒಂಬತ್ತನೇ ಕ್ಲಾಸ್ ಶುರುವಾದರೆ ಸಾಕು, ಹುಡುಗರು ಗ್ರೌಂಡಿಗೆ ಬರುವುದು ನಿಲ್ಲುತ್ತದೆ. ಹಲಸೂರು ಕಡೆ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ನನಗೆ ಇದು ಹಳೇ ನೋವು. "ಟೆಂತ್ ಮುಗೀಲಿ ಸಾರ್, ಆಮೇಲೆ ಕಳಿಸ್ತೀವಿ" ಅಂತಾರೆ ತಾಯಂದಿರು. ಆಮೇಲೆ ಬರುವವರು ತೀರಾ ಕಮ್ಮಿ.

ಅಂಥ ಮನೆಗೆ ಹೋದಾಗ ನಾನು ಡಾಕ್ಟರ್ ತಾಲಿಮೆರೆನ್ ಆವೊ ಅವರ ಬಗ್ಗೆ ಹೇಳುತ್ತೇನೆ. 1918ರಲ್ಲಿ ನಾಗಾ ಬೆಟ್ಟಗಳ (ಈಗಿನ ನಾಗಾಲ್ಯಾಂಡ್) ಚಾಂಗ್ಕಿ ಹಳ್ಳಿಯಲ್ಲಿ ಹುಟ್ಟಿದವರು. ತಂದೆ ಪಾದ್ರಿ. ಮಗ ಡಾಕ್ಟರ್ ಆಗಿ ತಮ್ಮ ಜನರನ್ನು ನೋಡಿಕೊಳ್ಳಬೇಕು ಅನ್ನುವುದು ಅವರ ಆಸೆ. ಅದು ಈಡೇರುವ ಮೊದಲೇ ತಂದೆ ಟೈಫಾಯಿಡ್ ಬಂದು ತೀರಿಕೊಂಡರು. ಹುಡುಗ ಗುವಾಹಟಿಯಲ್ಲಿ ಓದಿ, ಕಲ್ಕತ್ತಾದ ಕಾರ್ಮೈಕಲ್ ಮೆಡಿಕಲ್ ಕಾಲೇಜು ಸೇರಿದ. ಓದುತ್ತಲೇ ಅಲ್ಲಿನ ಫುಟ್‌ಬಾಲ್ ಕ್ಲಬ್ ಮೋಹನ್ ಬಾಗಾನ್ ಪರ ಆಡಿದ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ಕ್ಯಾಪ್ಟನ್ ಅವರೇ, ಮೆರವಣಿಗೆಯಲ್ಲಿ ದೇಶದ ಬಾವುಟ ಹಿಡಿದವರೂ ಅವರೇ. ಬಹುತೇಕ ಬರಿಗಾಲಲ್ಲಿ ಆಡಿದ ಆ ತಂಡ ಫ್ರಾನ್ಸ್ ಎದುರು 2-1ರಲ್ಲಿ ಸೋತಿತು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಇಷ್ಟು ಹೇಳಿದರೆ ಮನೆಯ ಗಂಡಸರ ಮುಖ ಅರಳುತ್ತದೆ. ಆದರೆ ತಾಯಂದಿರನ್ನು ತಟ್ಟುವ ಮಾತು ಬೇರೆ. ಆವೊ ಎಂಬಿಬಿಎಸ್ ಮುಗಿಸಿದ್ದು 1950ರಲ್ಲಿ. ಅಂದರೆ ಕ್ಯಾಪ್ಟನ್ ಆಗಿದ್ದಾಗ ಅವರಿನ್ನೂ ಸ್ಟೂಡೆಂಟ್!

ಕತೆ ಹೇಳಿ ಎದ್ದು ಬಂದರೆ ಪ್ರಯೋಜನವಿಲ್ಲ, ಅಲ್ವಾ? ಓದಿಗೆ ಜಾಗ, ಟೈಮ್ ಎರಡೂ ಬೇಕು. ನಮ್ಮ ಹುಡುಗರಲ್ಲಿ ತುಂಬ ಮಂದಿಯ ಮನೆ ಒಂದೇ ಕೋಣೆಯದು. ಅದಕ್ಕೇ ಗ್ರೌಂಡ್ ಪಕ್ಕದ ಕಟ್ಟಡದವರನ್ನು ಕೇಳಿ ಒಂದು ವರಾಂಡ ಹಿಡಿದೆ. ಪ್ರಾಕ್ಟೀಸ್‌ಗೆ ಮುಂಚೆ ಎಲ್ಲರೂ ಅಲ್ಲಿ ಕೂತು ಹೋಂವರ್ಕ್ ಮುಗಿಸಬೇಕು. ಆಡಿದ ಮೇಲೆ ಓದಿಸಲು ನೋಡಿದರೆ ನಿದ್ದೆ ತೂಗುತ್ತಾರೆ. ಮುಂಚೆಯೇ ಕೂರಿಸಿದರೆ ಬಾಲ್ ಮುಟ್ಟುವ ಆಸೆಗೆ ಬೇಗ ಬೇಗ ಬರೆಯುತ್ತಾರೆ. ಗಣಿತ ನನ್ನ ಕೈಲಾಗುವುದಿಲ್ಲ. ಅದನ್ನು ಪಿಯುಸಿ ಓದುವ ಸೀನಿಯರ್‌ಗಳು ಹೇಳಿಕೊಡುತ್ತಾರೆ.

ಪರೀಕ್ಷೆ ತಿಂಗಳಲ್ಲಿ ಪ್ರಾಕ್ಟೀಸ್ ನಿಲ್ಲಿಸುವುದಿಲ್ಲ. ಬೆಳಿಗ್ಗೆಗೆ ಹಾಕಿಕೊಂಡು ಅರ್ಧ ಗಂಟೆಗೆ ಇಳಿಸುತ್ತೇನೆ. ಬೆವರು ಬಂದರೆ ಸಾಕು. ಮ್ಯಾಚ್ ಬೇಡ, ಪೆಟ್ಟು ಬೀಳಬಾರದು. ಮಾರ್ಕ್ಸ್ ಕಮ್ಮಿಯಾದವನನ್ನು ತಂಡದಿಂದ ತೆಗೆಯುವ ಪದ್ಧತಿಯೂ ನಮ್ಮಲ್ಲಿಲ್ಲ. ಹಾಗೆ ತೆಗೆದರೆ ಅವನಿಗೆ ಓದೂ ಹೋಯಿತು, ಆಟವೂ ಹೋಯಿತು.

ಆವೊ ಕಲ್ಕತ್ತಾದಲ್ಲಿ ಉಳಿಯಲಿಲ್ಲ. ಅಸ್ಸಾಂನ ದಿಬ್ರುಗಢದಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ಕೆಲಸ ಮಾಡಿ, ಆಮೇಲೆ ಕೊಹಿಮಾಕ್ಕೆ ಹೋಗಿ ಸರ್ಕಾರಿ ಡಾಕ್ಟರ್ ಆದರು. ಕೊನೆಗೆ ನಾಗಾಲ್ಯಾಂಡ್ ಆರೋಗ್ಯ ಸೇವೆಗಳ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. ಹೀಗೆ ತಮ್ಮ ಜನರ ಬಳಿಗೇ ವಾಪಸ್ ಹೋಗಿದ್ದೇ ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಅದಕ್ಕೇ ನಮ್ಮಲ್ಲಿ ದೊಡ್ಡ ಹುಡುಗರು ಭಾನುವಾರ ಪುಟಾಣಿಗಳಿಗೆ ಕಲಿಸಬೇಕು, ಸುಣ್ಣದ ಗೆರೆ ಎಳೆಯಬೇಕು, ರೆಫರಿ ಆಗಬೇಕು. ಮೊದಮೊದಲು ಗೊಣಗುತ್ತಿದ್ದರು. ಈಗ ಭಾನುವಾರ ಯಾರ ಸರದಿ ಅಂತ ತಾವೇ ಬರೆದಿಟ್ಟುಕೊಳ್ಳುತ್ತಾರೆ. ಈ ವರ್ಷದಿಂದ ಹುಡುಗಿಯರ ಬ್ಯಾಚನ್ನೂ ಅವರ ಕೈಗೇ ಕೊಟ್ಟಿದ್ದೇನೆ.